ಹಿಂದೆ ನಿಂತವರು

ಅವರು ತೀರಿಕೊಂಡ ಸುದ್ದಿ ಪೇಪರಿನ ಒಳಪುಟದಲ್ಲಿ ಬಂದಿತ್ತು. 'ಹಿರಿಯ ಛಾಯಾಗ್ರಾಹಕ ಇನ್ನಿಲ್ಲ' ಎಂಬ ತಲೆಬರಹ, ಕೆಳಗೆ ನಾಲ್ಕು ಸಾಲು, ಪಕ್ಕದಲ್ಲಿ ಆಧಾರ್ ಕಾರ್ಡಿನಿಂದ ಎತ್ತಿ ಹಾಕಿದ ಫೋಟೋ. ಊರಿನ ಅರ್ಧ ಜನರ ಮೋರೆ ಚೆಂದ ಮಾಡಿ ಕೊಟ್ಟ ಮನುಷ್ಯ ಅದರಲ್ಲಿ ಪೊಲೀಸರು ಹಿಡಿದು ತಂದ ಕಳ್ಳನ ಹಾಗೆ ಕಾಣುತ್ತಿದ್ದರು. ಪುಟ ಮಡಚಿಟ್ಟು ಮತ್ತೊಮ್ಮೆ ಬಿಚ್ಚಿ ನೋಡಿದೆ. ನನಗೆ ಖುಷಿಯಾಯಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ನಾನು ಅವರು ಬದುಕಿದ್ದಾಗಲೂ ಆಡಿದ್ದೇನೆ, ಹಾಗಾಗಿ ಈಗ ಆಡಿದರೆ ತಪ್ಪಿಲ್ಲ. ಹೆಸರು ಮಾತ್ರ ಬರೆಯುವುದಿಲ್ಲ. ಕಾರವಾರದಲ್ಲಿ ಮದುವೆಯ ಫೋಟೋ ತೆಗೆಸಿಕೊಂಡವರಿಗೆ ಯಾರೆಂದು ತಿಳಿಯುತ್ತದೆ, ಉಳಿದವರಿಗೆ ಅದರ ಅಗತ್ಯವಿಲ್ಲ.

ಅವರ ಸ್ಟುಡಿಯೋ ಇದ್ದದ್ದು ಕಾರವಾರದ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಂದು ಹಳೆಯ ಕಟ್ಟಡದ ಮಹಡಿಯ ಮೇಲೆ. ನಾನು ಡಿಗ್ರಿ ಮುಗಿಸಿ, ಕಂಪ್ಯೂಟರ್ ಕ್ಲಾಸಿಗೂ ಹೋಗಿ ಬಂದು, ಅಂಕೋಲೆಯ ಹತ್ತಿರದ ಬೊಬ್ರುವಾಡದಿಂದ ದಿನಾ ಬಸ್ಸು ಹತ್ತಿ ಅಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಅವರು ಗಿಡ್ಡ ಆಳು, ಕುತ್ತಿಗೆಗೆ ಸದಾ ಒಂದು ಕರ್ಚೀಫು, ಕನ್ನಡಕ ಕಣ್ಣಿನ ಮೇಲೆ ಇರುವುದಕ್ಕಿಂತ ಹಣೆಯ ಮೇಲೆ ಇರುವುದೇ ಹೆಚ್ಚು. ಷರ್ಟಿನ ಜೇಬಿನಲ್ಲಿ ಬಾಚಣಿಗೆ. ಅದು ಗಿರಾಕಿಗಳಿಗೆ; ಅವರ ತಲೆಯಲ್ಲಿ ಬಾಚಲು ಏನೂ ಉಳಿದಿರಲಿಲ್ಲ. ಅಳುವ ಮಕ್ಕಳು ಬಂದರೆ ಕಾಗೆಯ ಹಾಗೆ ಕೂಗಿ ನಗಿಸುತ್ತಿದ್ದರು. ಒಮ್ಮೆ ಕಿಟಕಿಯ ಮೇಲೆ ನಿಜವಾದ ಕಾಗೆಯೇ ಬಂದು ಕೂತು ಉತ್ತರ ಕೊಟ್ಟಿತ್ತು. ದೊಡ್ಡವರಿಗೆ ಅವರದ್ದು ಒಂದೇ ಮಾತು. "ನಗಬೇಡಿ. ನಗೂಕೆ ಹೊರಟವರ ಹಾಂಗೆ ಇರಿ." ಎಂಥ ಮುಖ ಗಂಟಿಕ್ಕಿದವರೂ ಆ ಮಾತಿಗೆ ಸಡಿಲವಾಗುತ್ತಿದ್ದರು. ಇಷ್ಟು ವಿದ್ಯೆ ಅವರಲ್ಲಿತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಅವರ ಹುಚ್ಚು ಇದ್ದದ್ದು ಬ್ಲರ್ ಮೇಲೆ. ಹಿಂದಿನದ್ದನ್ನೆಲ್ಲ ತಾನಾಗಿಯೇ ಮಸಕು ಮಾಡುವ ದುಬಾರಿ ಲೆನ್ಸು ಅವರ ಬಳಿ ಇರಲಿಲ್ಲ. ಆ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡುತ್ತಿದ್ದರು. ಫೋಟೋ ತೆರೆಯುವುದು, ಮುಂದೆ ನಿಂತವರ ಸುತ್ತ ಮೌಸಿನಿಂದ ಗೆರೆ ಎಳೆಯುವುದು, ಗೆರೆಯ ಆಚೆಗಿದ್ದದ್ದಕ್ಕೆಲ್ಲ ಬ್ಲರ್ ಹೊಡೆಯುವುದು. ಕೈ ದಪ್ಪ, ಅವಸರ ಬಹಳ. ಗೆರೆ ಕಿವಿಯ ಒಳಗೆ ಹೋದರೆ ಕಿವಿ ಮಾಯ, ಜಡೆಯ ಒಳಗೆ ಹೋದರೆ ಜಡೆ ಮಾಯ. ಆ ಕಾಲದಲ್ಲಿ ಕಾರವಾರದಲ್ಲಿ ಮದುವೆಯಾದ ಹುಡುಗಿಯರ ಆಲ್ಬಮ್ ತೆಗೆದು ನೋಡಿ, ಎಲ್ಲರ ತಲೆಯೂ ಹೆಲ್ಮೆಟ್ ಹಾಕಿದ ಹಾಗಿರುತ್ತದೆ. ಕಡಲ ದಂಡೆಯಲ್ಲಿ ನಿಲ್ಲಿಸಿ ತೆಗೆದ ಜೋಡಿಯ ಹಿಂದಿನ ಕಡಲನ್ನೂ ಅವರು ಬಿಡುತ್ತಿರಲಿಲ್ಲ. "ಕಡಲು ಬೇಕಾದವರು ಬಂದು ನೋಡ್ತ್ರು. ಇವ್ರ ಮೋರೆ ಮುಖ್ಯ" ಎನ್ನುತ್ತಿದ್ದರು.

ಒಂದು ಸಲ ಯಾವುದೋ ಕಚೇರಿಯ ನಿವೃತ್ತಿ ಸಮಾರಂಭದ ಫೋಟೋ ಬಂತು. ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಸಾಹೇಬರು, ಹಿಂದೆ ಸಿಬ್ಬಂದಿ ನಿಂತಿದ್ದರು. ಇವರು ರೂಢಿಯಂತೆ ಸಾಹೇಬರ ಸಾಲನ್ನು ಉಳಿಸಿ ಹಿಂದಿನದಕ್ಕೆ ಬ್ಲರ್ ಹೊಡೆದು, ಫ್ರೇಮ್ ಹಾಕಿಸಿ ಕೊಟ್ಟರು. ಮಾರನೆಯ ದಿನ ಆ ಕಚೇರಿಯ ಜವಾನ ಫ್ರೇಮ್ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ. ನಿವೃತ್ತಿ ಆದದ್ದು ಸಾಹೇಬರಿಗಲ್ಲ, ಅವನಿಗೆ. ಜನ್ಮವಿಡೀ ಹಿಂದೆ ನಿಂತು ರೂಢಿಯಾದವನು ತನ್ನ ಸಮಾರಂಭದಲ್ಲೂ ಹಿಂದೆಯೇ ನಿಂತಿದ್ದ. ಹಾರ ಮಾತ್ರ ಅವನ ಕೊರಳಲ್ಲಿತ್ತು, ಅದೂ ಮಸಕಾಗಿ ಹಳದಿ ಮಣ್ಣಿನ ಹಾಗೆ ಕಾಣುತ್ತಿತ್ತು.

"ಇದ್ರಲ್ಲಿ ನಾನು ಕಾಣೂದಿಲ್ವಲ್ಲ ಸರ್" ಎಂದ ಪಾಪ, ಬೈಯುವುದೂ ಗೊತ್ತಿಲ್ಲದೆ.

"ನೀನು ಮುಂದೆ ನಿಂತ್ಕಣ್ಬೇಕಿತ್ತು ಮಾರಾಯ. ಹಿಂದೆ ನಿಂತವರು ಯಾರಿಗೆ ಬೇಕು?"

"ಮೊದ್ಲಿನದ್ದು ಇದ್ರೆ..."

"ಮೊದ್ಲಿನದ್ದು ಅಂತ ಎಂತದ್ದೂ ಇಲ್ಲ. ತಿದ್ದಿದ್ದೇ ಅಸಲು."

ಇದು ಅವರ ಎರಡನೆಯ ಚಾಳಿ. ತಿದ್ದಿದ ಫೋಟೋವನ್ನು ಮೂಲ ಫೋಟೋದ ಮೇಲೆಯೇ ಸೇವ್ ಮಾಡಿಬಿಡುತ್ತಿದ್ದರು. ಎರಡೆರಡು ಇಟ್ಟುಕೊಂಡರೆ ಕಂಪ್ಯೂಟರ್ ತುಂಬುತ್ತದೆ, ಗಿರಾಕಿಗಳು ಹಳೆಯದ್ದನ್ನು ಕೇಳಿ ತಲೆ ತಿನ್ನುತ್ತಾರೆ ಎಂಬುದು ಅವರ ವಾದ. ಕ್ಯಾಮೆರಾದ ಕಾರ್ಡನ್ನೂ ಅದೇ ವಾರ ಖಾಲಿ ಮಾಡಿ ಮುಂದಿನ ಮದುವೆಗೆ ಹಾಕುತ್ತಿದ್ದರು. ನನಗೆ ಈ ಕೆಲಸವನ್ನೆಲ್ಲ ಕಲಿಸಿದವರು ಅವರೇ. ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಬೈಯದೆ, ಮೌಸಿನ ಮೇಲೆ ಬೆರಳು ಹೇಗೆ ಇಡಬೇಕು ಎಂಬಲ್ಲಿಂದ ಕಲಿಸಿದರು. ಅದಕ್ಕೇ ನನ್ನ ಸಿಟ್ಟು ಇಷ್ಟು ವರ್ಷ ಕೆಡದೆ ಉಳಿದಿದೆ. ಹೊರಗಿನವರು ಮಾಡಿದ್ದಾದರೆ ಎಂದೋ ಮರೆಯುತ್ತಿದ್ದೆ.

ನಮ್ಮದು ಮೀನುಗಾರರ ಮನೆ. ಅಪ್ಪ ಬೋಟಿಗೆ ಹೋಗುತ್ತಿದ್ದ, ಆಯಿ ಅಂಕೋಲೆಯ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಮಗಳು ಕಂಪ್ಯೂಟರಿನ ಮುಂದೆ ಕೂತು ಕೆಲಸ ಮಾಡುತ್ತಾಳೆ ಎಂಬುದು ಅವಳಿಗೆ ಎಷ್ಟು ಹೆಮ್ಮೆಯೆಂದರೆ, ಕೆಲಸ ಕೊಟ್ಟವರಿಗೆ ಪ್ರತಿ ಶನಿವಾರ ಡಬ್ಬಿ ಕಳಿಸುತ್ತಿದ್ದಳು. ಹುರಿದ ಬಂಗಡೆ, ಇಲ್ಲವೇ ಸಿಗಡಿಯ ಸುಕ್ಕ. ಅವರು ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತು, ಮುಳ್ಳು ಚೀಪಿ, ಬೆರಳು ನೆಕ್ಕಿ, "ನಿನ್ನ ಆಯಿಯ ಕೈಗೆ ಬಂಗಾರದ ಬಳೆ ಹಾಕ್ಬೇಕು" ಎನ್ನುತ್ತಿದ್ದರು.

ನನಗೆ ಗಂಡು ನೋಡಲು ಸುರು ಮಾಡಿದಾಗ ಆಯಿ ಅವರನ್ನೇ ಊಟಕ್ಕೆ ಕರೆದಳು. ಒಂದು ಭಾನುವಾರ ಅಂಕೋಲೆಯಲ್ಲಿ ಯಾವುದೋ ಮದುವೆ ಮುಗಿಸಿ ಕ್ಯಾಮೆರಾ ಸಮೇತ ಬೊಬ್ರುವಾಡಕ್ಕೆ ಬಂದರು. ಅಂಗಳದ ದಾಸವಾಳದ ಪಕ್ಕ ನನ್ನನ್ನು ನಿಲ್ಲಿಸಿ, ಗಲ್ಲ ಕೆಳಗೆ, ಭುಜ ಸಡಿಲ ಎಂದು ಶಾಸ್ತ್ರ ಹೇಳುತ್ತಿದ್ದರು. ಅಷ್ಟರಲ್ಲಿ ಆಯಿ ಪೇಟೆಯಿಂದ ಬಂದಳು. ಕೆಂಪು ಸೀರೆ, ನೆರಿಗೆ ಎತ್ತಿ ಸಿಕ್ಕಿಸಿದ್ದು, ತಲೆಯ ಮೇಲೆ ಬುಟ್ಟಿ. ಗೇಟಿನಲ್ಲಿ ನಿಂತು, ನಾನು ಗಿಣಿಯ ಹಾಗೆ ಕತ್ತು ಕೊಂಕಿಸಿ ನಿಂತದ್ದನ್ನು ಕಂಡು, ಬುಟ್ಟಿಗೆ ಒಂದು ಕೈ ಹಿಡಿದು ನಕ್ಕಳು. ಹಲ್ಲೆಲ್ಲ ಕಾಣುವ ನಗು. ಅದೇ ಹೊತ್ತಿಗೆ ಅವರು ಕ್ಲಿಕ್ ಮಾಡಿದರು.

ಕ್ಯಾಮೆರಾದ ಹಿಂದಿನ ಸಣ್ಣ ಪರದೆಯಲ್ಲಿ ಮೂವರೂ ತಲೆ ತಾಗಿಸಿ ನೋಡಿದೆವು. ಮುಂದೆ ನಾನು. ಹಿಂದೆ ಗೇಟಿನಲ್ಲಿ ಆಯಿ, ಮೂಗುಬೊಟ್ಟಿನ ಹೊಳಪು ಸಮೇತ.

"ಅಯ್ಯ, ನನ್ನ ಎಂತಕೆ ತೆಗದ್ರಿ? ಫೋಟೋಕ್ಕೂ ಮೀನಿನ ವಾಸನೆ ಹಿಡೀತದೆ" ಎಂದಳು ಆಯಿ. ಆದರೆ ಕಣ್ಣು ತೆಗೆಯಲಿಲ್ಲ. ಅವಳದ್ದೆಂದು ಇದ್ದದ್ದು ಮತದಾರರ ಚೀಟಿಯ ಫೋಟೋ ಒಂದೇ. ಅದು ಅವಳದ್ದೋ ಅವಳ ಅಕ್ಕನದ್ದೋ ಎಂದು ಮತಗಟ್ಟೆಯಲ್ಲಿ ಪ್ರತಿ ಸಲ ಜಗಳ. ಅವರು ಕೈ ತೊಳೆಯಲು ಹೋದಾಗ ನನ್ನ ಕಿವಿಯಲ್ಲಿ ಹೇಳಿದಳು, "ಇದ್ರದ್ದು ದೊಡ್ಡದೊಂದು ಕಾಪಿ ಮಾಡ್ಸೇ ತಂಗಿ. ಮನೇಲಿ ಹಾಕ್ವಾ."

ಅವರು ಅಂದು ಬಂಗಡೆಯನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡರು.

ನಾನು ಸೋಮವಾರ ರಜೆ ಹಾಕಿದ್ದೆ. ಮಂಗಳವಾರ ಹೋಗುವಾಗ ಫೋಟೋ ತಯಾರಾಗಿ ಮೇಜಿನ ಮೇಲಿತ್ತು. ನಾನು ಸ್ಪಷ್ಟ, ರೆಪ್ಪೆಯ ಕೂದಲು ಎಣಿಸಬಹುದು. ನನ್ನ ಹಿಂದೆ ಒಂದು ಹಸಿರು ಮಬ್ಬು, ಅದರ ನಡುವೆ ಉದ್ದಕ್ಕೆ ಒಂದು ಕೆಂಪು ಮಬ್ಬು.

"ಆಯಿ ಎಲ್ಲಿ ಸರ್?"

"ಗಂಡಿನ ಕಡೆಯವರು ನೋಡೂದು ನಿನ್ನನ್ನೋ, ಮೀನಿನ ಬುಟ್ಟೀನೋ? ನಿನ್ನ ಒಳ್ಳೇದಕ್ಕೇ ಮಾಡಿದ್ದು. ಹಿಂದೆ ನಿಂತವರು ಯಾರಿಗೆ ಬೇಕೇ?"

"ಒರಿಜಿನಲ್ ಕೊಡಿ. ಆಯಿ ದೊಡ್ಡದು ಮಾಡ್ಸೂಕೆ ಹೇಳಿದಾಳೆ."

"ಇದೇ ಒರಿಜಿನಲ್. ಸೇವ್ ಆಗೋಯ್ತು."

ಕಾರ್ಡು ಕೇಳಿದೆ. ಅದರಲ್ಲಿ ಆಗಲೇ ಬೇರೆ ಯಾರದ್ದೋ ನಿಶ್ಚಿತಾರ್ಥ ತುಂಬಿತ್ತು.

ಉಂಡ ಮನೆಗೆ ಎರಡು ಬಗೆಯುವುದು ಎಂಬ ಮಾತನ್ನು ಶಾಲೆಯಲ್ಲಿ ಕಲಿತಿದ್ದೆ, ಅಂದು ಅರ್ಥವಾಯಿತು. ಮನೆಗೆ ತಂದು ತೋರಿಸಿದಾಗ ಆಯಿ ಫೋಟೋವನ್ನು ಬೆಳಕಿಗೆ ಹಿಡಿದು, ತಿರುಗಿಸಿ, "ನಾನೆಲ್ಲಿ?" ಎಂದು ಕೇಳಿದಳು. ನಾನು ಕೆಂಪು ಮಬ್ಬಿನ ಮೇಲೆ ಬೆರಳಿಟ್ಟು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಇರ್ಲಿ ಬಿಡೆ. ನಿಂದು ಚಲೋ ಬಂದದೆ" ಎಂದಳು. ಮತ್ತೆ ಆ ವಿಷಯ ಎತ್ತಲಿಲ್ಲ. ಶನಿವಾರದ ಡಬ್ಬಿಯನ್ನೂ ನಿಲ್ಲಿಸಲಿಲ್ಲ.

ಆ ಫೋಟೋ ಬಿಣಗಾದ ಒಂದು ಮನೆಗೆ ಹೋಯಿತು. ಹುಡುಗ ಅಲ್ಲಿಯ ಫ್ಯಾಕ್ಟರಿಯಲ್ಲಿ ನೌಕರ. ಅವನ ತಾಯಿ ಫೋಟೋ ನೋಡಿ ಮೊದಲು ಕೇಳಿದ್ದು, "ಹುಡ್ಗಿ ಹಿಂದೆ ಎಂತದು, ಬೆಂಕಿ ಬಿದ್ದದ್ಯಾ?" ಆ ಹೆಂಗಸು ಹೆದ್ದಾರಿ ಬದಿಯ ಕ್ವಾರ್ಟರ್ಸಿನ ಮನೆಮನೆಗೆ ಬುಟ್ಟಿ ಹೊತ್ತು ಮೀನು ಮಾರಿಯೇ ಮಗನನ್ನು ಓದಿಸಿದವಳು. ಮೀನಿನ ಬುಟ್ಟಿಯನ್ನು ನಮ್ಮ ಸರ್ ಯಾರ ಕಣ್ಣಿನಿಂದ ಮುಚ್ಚಿಟ್ಟರು ಎಂದರೆ ಮೀನು ಮಾರುವವಳ ಕಣ್ಣಿನಿಂದ! "ಅದು ಬುಟ್ಟಿ ಹೊತ್ತ ನಿನ್ನ ತಾಯಿ ಅಂತ ಗೊತ್ತಾಗಿದ್ರೆ ಅದೇ ದಿನ ಹೂಂ ಅಂತಿದ್ದೆ" ಎಂದು ಅತ್ತೆ ಇವತ್ತಿಗೂ ಹೇಳುತ್ತಾಳೆ.

ಮದುವೆಯ ದಿನ ಗೊತ್ತಾಗುವ ಮೊದಲೇ ಆಯಿ ಹೋದಳು. ಮಳೆಗಾಲ, ಬೋಟು ಬಂದ್. ಪೇಟೆಯಲ್ಲಿ ಒಣಮೀನು ಹರಡಿಕೊಂಡು ಕೂತವಳು ಎದೆ ಹಿಡಿದುಕೊಂಡು ಪಕ್ಕದವಳ ತೊಡೆಯ ಮೇಲೆ ಒರಗಿದಳಂತೆ, ಅಷ್ಟೇ. ಹನ್ನೆರಡನೆಯ ದಿನದ ಕಾರ್ಯ ಹತ್ತಿರ ಬಂದಾಗ ಅಪ್ಪ ಕೇಳಿದ, "ಅವ್ಳು ನಗಾಡಿದ್ದು ಫೋಟೋ ಒಂದಿತ್ತಲ್ಲೇ?"

ನಾನು ಕಾರವಾರಕ್ಕೆ ಹೋದೆ. ಬ್ಲರ್ ಹೊಡೆದದ್ದು ವಾಪಸ್ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವರೇ ಕಲಿಸಿದ ಪಾಠ. ಆದರೂ ಹೋದೆ. ಕೆಂಪು ಮಬ್ಬನ್ನು ದೊಡ್ಡದು ಮಾಡಿದೆವು, ಚೂಪು ಮಾಡಿ ನೋಡಿದೆವು. ಮಬ್ಬು ಚೌಕ ಚೌಕವಾಗಿ ಒಡೆಯಿತೇ ಹೊರತು ಅದರೊಳಗಿಂದ ಆಯಿ ಬರಲಿಲ್ಲ. ಅವರು ಕನ್ನಡಕ ಹಣೆಗೆ ಏರಿಸಿ ಹಿಂದಕ್ಕೆ ಒರಗಿದರು.

"ವೋಟರ್ ಕಾರ್ಡಿನ ಫೋಟೋ ತಕಂಡು ಬಾ. ನಾನು ಕಲರ್ ಮಾಡಿ ಕೊಡ್ತೆ. ಹಿಂದೆ ನೀಲಿ ಹಾಕ್ವಾ, ಹಸಿರು ಹಾಕ್ವಾ?"

ತಪ್ಪಾಯಿತು ಎಂದು ಒಂದು ಮಾತು ಅಂದಿದ್ದರೆ ಇವತ್ತು ನಾನು ಬೇರೆಯೇ ಬರೆಯುತ್ತಿದ್ದೆ. ಅನ್ನಲಿಲ್ಲ. ಡಬ್ಬಿಯ ಬಂಗಡೆಯನ್ನು ಅವರು ಮಸಕಾಗಿ ತಿಂದಿರಲಿಲ್ಲ, ಮುಳ್ಳು ಮುಳ್ಳೂ ನೆನಪಿಟ್ಟು ಚೀಪಿದ್ದರು. ಅದನ್ನು ಹುರಿದು ಕಳಿಸಿದವಳ ಮೋರೆ ಮಾತ್ರ ಅವರಿಗೆ ಬೇಡವಾಗಿತ್ತು. ನಾನು ಸ್ಟೂಲಿನಿಂದ ಎದ್ದು, ಮೆಟ್ಟಿಲು ಇಳಿದು, ಮತ್ತೆ ಹತ್ತಲಿಲ್ಲ.

ಅಪ್ಪ ವೋಟರ್ ಕಾರ್ಡಿನ ಫೋಟೋ ಬೇಡವೆಂದ. "ಅದ್ರಲ್ಲಿ ಇರೂದು ಅವ್ಳೇ ಅಲ್ಲ." ಕೊನೆಗೆ ಗೋಡೆಗೆ ಏರಿದ್ದು ಆ ಬ್ಲರ್ ಫೋಟೋವೇ. ಮುಂದೆ ಮದುವೆಗೆ ನಿಂತ ನಾನು, ಹಿಂದೆ ಕೆಂಪು ಮಬ್ಬು. ಅಪ್ಪ ಹಾರ ಹಾಕಲು ಹೋದಾಗ ಚಿಕ್ಕಿ, ಅಂದರೆ ಆಯಿಯ ತಂಗಿ, ಕೈ ಹಿಡಿದಳು. "ಜೀವಂತ ಇದ್ದವ್ಳ ಮೋರೆ ಮೇಲೆ ಹಾರ ಹಾಕ್ತೀಯನಾ ಭಾವ?" ಹೀಗೆ ನಾನು ಮುಂದೆ ನಿಂತ ತಪ್ಪಿಗೆ ನನ್ನ ಆಯಿಗೆ ಹಾರವೂ ಇಲ್ಲದೆ ಹೋಯಿತು. ಅಪ್ಪ ದಿನಾ ಒಂದು ಅಬ್ಬಲಿಗೆ ಹೂವನ್ನು ಫ್ರೇಮಿನ ಆ ಬದಿಯ ಸಂದಿಗೆ ಸಿಕ್ಕಿಸುತ್ತಾನೆ. ಬಂದವರು ಕೇಳುತ್ತಾರೆ, ನಿಮ್ಮ ಹೆಂಡತಿಯ ಫೋಟೋ ಎಲ್ಲಿ ಎಂದು. ಅಪ್ಪ ಎದ್ದು ಹೋಗಿ ಗಾಜಿನ ಮೇಲೆ ಬೆರಳಿಡುತ್ತಾನೆ. "ಇಗ, ಇಲ್ಲಿ. ಹಿಂದೆ." ಒರೆಸಿದರೂ ಹೋಗದ ಹಾಗೆ ಆ ಜಾಗದಲ್ಲಿ ಅವನ ಬೆರಳಿನ ಗುರುತು ಕೂತುಬಿಟ್ಟಿದೆ.

ಮದುವೆಯಾದ ಮೇಲೆ ನಾನು ಅಂಕೋಲೆಯಲ್ಲಿ ನನ್ನದೇ ಸ್ಟುಡಿಯೋ ಇಟ್ಟೆ. ಅಲ್ಲಿ ಒಂದೇ ನಿಯಮ, ಮೂಲ ಫೋಟೋವನ್ನು ಯಾರೂ ಮುಟ್ಟುವ ಹಾಗಿಲ್ಲ. ಚಿಕ್ಕಿಯ ಮಗಳ ಮದುವೆಯಲ್ಲಿ ಗಂಡಿನ ಕಡೆಯವರು ಫೋಟೋಕ್ಕೆ ನಮ್ಮ ಸರ್ ಅವರನ್ನೇ ಕರೆಸಿದ್ದರು, ನಾನು ನಮ್ಮ ಕಡೆಯವರದ್ದು ತೆಗೆಯುತ್ತಿದ್ದೆ. ನಾವಿಬ್ಬರೂ ಮಾತಾಡಲಿಲ್ಲ. ಚಿಕ್ಕಿ ಮತ್ತು ಮೀನುಪೇಟೆಯ ಅವಳ ಜೊತೆಗಾತಿಯರು ಸಾಲಾಗಿ ಕೂತು ಏನಕ್ಕೋ ಬಿದ್ದು ಬಿದ್ದು ನಗುತ್ತಿದ್ದಾಗ ಒಂದು ಫೋಟೋ ತೆಗೆದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡುವಾಗ, ಹೆಂಗಸರ ಹಿಂದೆ, ಕಂಬದ ಪಕ್ಕ, ಇವರು. ಕ್ಯಾಮೆರಾ ಎದೆಯ ಮೇಲೆ ಇಳಿಬಿಟ್ಟು, ಕನ್ನಡಕ ಹಣೆಯ ಮೇಲೆ, ಆ ಹೆಂಗಸರ ನಗು ಕೇಳಿ ತಾವೂ ನಗುತ್ತಿದ್ದರು. ಜನ್ಮವಿಡೀ ಕ್ಯಾಮೆರಾದ ಆಚೆ ನಿಂತು ಯಾರಿಗೂ ಸಿಗದ ಮನುಷ್ಯ ನನ್ನ ಕೈಗೆ ಸಿಕ್ಕಿದ್ದರು, ಅದೂ ಹಿಂದೆ ನಿಂತು.

ಆ ಫೋಟೋವನ್ನು ದೊಡ್ಡದು ಮಾಡಿಸಿ ಅಂಗಡಿಯ ಎದುರಿನ ಗಾಜಿನೊಳಗೆ ಇಟ್ಟೆ. ಬರುತ್ತಾರೆ ಎಂದು ಗೊತ್ತಿತ್ತು. ಬಂದರು. ವಯಸ್ಸಾಗಿತ್ತು, ಸ್ಟುಡಿಯೋ ಮುಚ್ಚಿದ್ದರು, ಅಂಕೋಲೆಗೆ ಏನೋ ಕೆಲಸಕ್ಕೆ ಬಂದವರು ಗಾಜಿನ ಎದುರು ನಿಂತರು. ನೋಡುವ ದೃಷ್ಟಿ ಅದೇ.

"ಮುಂದಿನವ್ರು ಚಲೋ ಬಂದಾರೆ. ಹಿಂದೆ ಎಷ್ಟು ಗಜಿಬಿಜಿಯೇ ಮಾರಾಯ್ತಿ! ಬ್ಲರ್ ಹೊಡೂಕಾಗ್ಲಿಲ್ವಾ?"

ನಾನು ಕಾದೆ. ಕನ್ನಡಕ ಹಣೆಯಿಂದ ಕಣ್ಣಿಗೆ ಇಳಿಯಿತು. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಬಂದರು. ತಮ್ಮನ್ನು ತಾವು ಕಂಡರು.

"ಇದು ಯಾವಾಗ ತೆಗದೆ? ನಂಗೆ ಗೊತ್ತೇ ಇಲ್ಲ... ಚಲೋ ಬಂದದ್ಯಲ್ಲೇ. ನಂದೊಂದೂ ಇಂಥ ಫೋಟೋ ಇಲ್ಲ." ಆಮೇಲೆ ಸಣ್ಣ ದನಿಯಲ್ಲಿ, "ಒಂದು ಕಾಪಿ ಕೊಡ್ತ್ಯಾ?"

ಈ ಮಾತಿಗಾಗಿ ನಾನು ಎಷ್ಟೋ ವರ್ಷ ಕಾದಿದ್ದೆ. "ಹಿಂದೆ ನಿಂತವರು ಯಾರಿಗೆ ಬೇಕು ಸರ್?" ಎಂದೆ.

ಅವರು ನನ್ನ ಮುಖ ನೋಡಿದರು. ಅರ್ಥವಾಗಿತ್ತು. ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡು, ಅಂಗಡಿಯ ಮೆಟ್ಟಿಲು ಇಳಿದು, ಕಾರವಾರದ ಬಸ್ಸಿನ ಕಡೆ ಹೋದರು. ಆಗಲಾದರೂ ತಪ್ಪಾಯಿತು ಎಂಬ ಆ ಒಂದು ಮಾತು ಆಡಬಹುದಿತ್ತು. ಬಸ್ಸು ಹೊರಡುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ.

ತೀರಿಕೊಂಡು ಒಂದು ವಾರವಾದಾಗ ಅವರ ಹೆಂಡತಿ ಅಂಗಡಿಗೆ ಬಂದರು. ನಾನು ಕೆಲಸಕ್ಕಿದ್ದಾಗ ಒಂದೆರಡು ಸಲ ನೋಡಿದ್ದೆ, ಮೆತ್ತಗಿನ ಹೆಂಗಸು.

"ಅವ್ರು ಹೇಳ್ತಿದ್ರು ತಂಗಿ, ನಂದು ಚಲೋ ಫೋಟೋ ಇರೂದು ಅಂಕೋಲೆಯಲ್ಲಿ ಒಂದೇ ಅಂತ. ಮನೇಲಿ ಇರೂದೆಲ್ಲ ಕಾರ್ಡಿನದ್ದು. ಹನ್ನೆರಡಕ್ಕೆ ಇಡೂಕೆ ಬೇಕಿತ್ತು."

ಪಾಪ ಅನ್ನಿಸಲಿಲ್ಲವೇ ಎಂದು ಕೇಳಬೇಡಿ. ಅನ್ನಿಸಿತು. ಕೂರಿಸಿದೆ, ನೀರು ಕೊಟ್ಟೆ. ಚೆಂದದ ಕಾಗದದ ಮೇಲೆ ದೊಡ್ಡದಾಗಿ ಪ್ರಿಂಟ್ ಹಾಕಿ, ಫ್ರೇಮ್ ಕಟ್ಟಿ, ಅವರ ಕೈಯಲ್ಲಿಟ್ಟೆ. ಇಡೀ ಫೋಟೋ. ಮುಂದೆ ಚಿಕ್ಕಿ ಮತ್ತು ಮೀನುಪೇಟೆಯ ಹೆಂಗಸರು, ಒಬ್ಬೊಬ್ಬರ ಮೂಗುಬೊಟ್ಟೂ ಹೊಳೆಯುವ ಹಾಗೆ. ಹಿಂದೆ ಕಂಬದ ಪಕ್ಕ ಹೆಬ್ಬೆರಳಿನಷ್ಟು ಅವರು.

ಅವರು ಫ್ರೇಮನ್ನು ನೋಡಿ, ನನ್ನನ್ನು ನೋಡಿದರು. "ಇವ್ರೊಬ್ಬರದ್ದೇ ಕತ್ತರಿಸಿ ದೊಡ್ಡದು ಮಾಡಿ ಕೊಡ್ತ್ಯಾ? ಇವ್ರೆಲ್ಲ ಜೀವಂತ ಇದ್ದವ್ರು. ಹಾರ ಹ್ಯಾಂಗೆ ಹಾಕೂದು?"

ಕತ್ತರಿಸುವುದು ನನಗೆ ಒಂದು ಕ್ಷಣದ ಕೆಲಸ. ಆ ಹೆಂಗಸಿಗೂ ಅದು ಗೊತ್ತಿತ್ತು, ಫೋಟೋಗ್ರಾಫರನ ಹೆಂಡತಿ.

"ಇಲ್ಲ ಅಮ್ಮ. ನಾನು ಫೋಟೋದಿಂದ ಯಾರನ್ನೂ ತೆಗೆಯೂದಿಲ್ಲ. ಹಾರ ಹಾಕೂಕೆ ಬರದಿದ್ರೆ ಬದಿಗೆ ಒಂದು ಹೂ ಸಿಕ್ಕಿಸಿ. ನಮ್ಮನೇಲೂ ಹಾಂಗೇ ಮಾಡೂದು."

ಅವರು ಫ್ರೇಮನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಹೋದ ತಿಂಗಳು ಕಾರವಾರಕ್ಕೆ ಹೋದವಳು ಅವರ ಮನೆಗೂ ಹೋದೆ. ಹೋಗದೆ ಇರಲು ಆಗಲಿಲ್ಲ. ಹೊರಗಿನ ಕೋಣೆಯ ಗೋಡೆಯ ನಡುವೆ ನಮ್ಮ ಮೀನುಪೇಟೆ ಕೂತು ನಗುತ್ತಿತ್ತು, ಬುಟ್ಟಿಯ ಹೆಂಗಸರೆಲ್ಲ ಅವರ ಮನೆಯ ಯಜಮಾನಿಯರ ಹಾಗೆ. ಹಾರ ಇರಲಿಲ್ಲ. ಫ್ರೇಮಿನ ಸಂದಿಯಲ್ಲಿ ಒಂದು ದಾಸವಾಳ. ಅವರ ಹೆಂಡತಿ ಚಾ ಮಾಡಿ ತಂದರು. ನಾನು ಮೊದಲ ಗುಟುಕು ಕುಡಿಯುವಷ್ಟರಲ್ಲಿ ಯಾರೋ ದೂರದ ನೆಂಟರು ಮಾತಾಡಿಸಲು ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದವರು ಗೋಡೆ ನೋಡಿ ನಿಂತರು.

"ಇವ್ರೆಲ್ಲ ಯಾರು? ಇದ್ರಲ್ಲಿ ಅವ್ರು ಎಲ್ಲಿದ್ರು?"

ಅವರ ಹೆಂಡತಿ ಎದ್ದು ಹೋಗಿ ಗಾಜಿನ ಮೇಲೆ ಬೆರಳಿಟ್ಟರು. "ಇಗ, ಇಲ್ಲಿ. ಹಿಂದೆ."

ಆ ಜಾಗದಲ್ಲಿ ಬೆರಳಿನ ಗುರುತು ಆಗಲೇ ಮೂಡಿತ್ತು. ನಾನು ಕೂತಲ್ಲಿಂದ ಏಳದೆ ಚಾ ಪೂರ್ತಿ ಕುಡಿದೆ.